ಹತ್ತು ಕೈಯ ಗೃಹಿಣಿ: ಮಣ್ಣಿಗೆ ಎರಡೇ ಭಾರ!

ಗೌರಿ-ಗಣೇಶ ಹಬ್ಬಕ್ಕೆ ಇನ್ನೊಂದು ವಾರ ಇದೆ ಎನ್ನುವಾಗ ಮಾವಳ್ಳಿ, ಆರ್.ವಿ. ರಸ್ತೆ ಕಡೆ ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಒಮ್ಮೆ ಕಣ್ಣು ಹಾಯಿಸಬೇಕು. ಗಣಪನಿಗೆ ನೂರೆಂಟು ವೇಷ. ಬ್ಯಾಟು ಹಿಡಿದ ಗಣಪ, ಬೈಕ್ ಏರಿದ ಗಣಪ, ಸಿಪಾಯಿ ಗಣಪ, ಸಿನಿಮಾ ಹೀರೋ ಗತ್ತಿನ ಗಣಪ. ಪಕ್ಕದಲ್ಲೇ ಅವನ ತಾಯಿ ಗೌರಮ್ಮ. ಅವಳಿಗೆ ಮಾತ್ರ ಒಂದೇ ವೇಷ. ಜರಿ ಅಂಚಿನ ಸೀರೆ, ಕೈತುಂಬ ಬಳೆ, ಹಣೆಯಲ್ಲಿ ಕುಂಕುಮ, ಅಲುಗಾಡದೆ ನೆಟ್ಟಗೆ ಕೂತ ಭಂಗಿ. ಗೌರಿಯನ್ನು ಸ್ಕೂಟರ್ ಮೇಲೆ ಕೂರಿಸುವ ಧೈರ್ಯ ಗೊಂಬೆ ಮಾಡುವವರಿಗೆ ಬಂದಂತಿಲ್ಲ. ಬಂದರೂ ಕೊಳ್ಳುವವರು ಬೇಕಲ್ಲ!

ಪುರಾಣ ಕೇಳಿದರೆ ಗೊಂಬೆ ಮಾಡಿ ಹೆಸರಾದ ಹೆಂಗಸು ಈ ಗೌರಿಯೇ. ಮೈಗೆ ಹಚ್ಚಿದ ಅರಿಶಿನದ ಹಿಟ್ಟನ್ನು ತಿಕ್ಕಿ ತೆಗೆದು ಒಂದು ಮಗುವಿನ ಆಕೃತಿ ಮಾಡಿದಳು. ಯಾಕೆ ಮಾಡಿದಳು? ಸ್ನಾನಕ್ಕೆ ಹೋದಾಗ ಯಾರೂ ಒಳಗೆ ನುಗ್ಗದ ಹಾಗೆ ಬಾಗಿಲು ಕಾಯಲಿ ಎಂದು. ಸ್ವಲ್ಪ ಹೊತ್ತು ತನ್ನ ಪಾಡಿಗೆ ತಾನಿರಬೇಕು ಎನ್ನುವ ಆಸೆಯಿಂದ ಹುಟ್ಟಿದ ಗೊಂಬೆ ಅದು. ಅಷ್ಟರಲ್ಲಿ ಯಜಮಾನರು ಮನೆಗೆ ಬಂದರು, ಬಾಗಿಲಲ್ಲಿ ತಡೆದದ್ದಕ್ಕೆ ಗೊಂಬೆಯ ತಲೆ ಹಾರಿಸಿದರು. ಮುಂದಿನದು ಎಲ್ಲರಿಗೂ ಗೊತ್ತು. ಆನೆಯ ತಲೆ ಬಂತು, ಮೊದಲ ಪೂಜೆಯ ಪದವಿ ಬಂತು. ಗೌರಿಯ ಸ್ನಾನ ಪೂರ್ತಿ ಆಯಿತೋ ಇಲ್ಲವೋ ಎಂದು ಯಾರೂ ಕೇಳಿಲ್ಲ.

ಈಗ ಜಯನಗರ, ಜೆ.ಪಿ. ನಗರದ ಕಡೆ ಕರೆಂಟಿನ ಆವಿಗೆ ಇಟ್ಟುಕೊಂಡು ಮಣ್ಣಿನ ಕೆಲಸ, ಪಿಂಗಾಣಿ ಕೆಲಸ ಕಲಿಸುವವರಿದ್ದಾರೆ. ಕಲಿಯಲು ಬರುವವರಲ್ಲಿ ಮನೆ ನಡೆಸುವ ಹೆಂಗಸರೂ ಉಂಟು. ಮೊದಲು ಕಪ್ಪು, ಬಟ್ಟಲು, ಹೂಕುಂಡ. ಕೈ ಪಳಗಿದ ಮೇಲೆ ಮನುಷ್ಯರ ಆಕೃತಿ. ಆಕೃತಿ ಮಾಡಲು ಕೂತಾಗ ಹೆಂಗಸಿಗೆ ಮೊದಲು ಹೊಳೆಯುವ ವಿಷಯ ಎಷ್ಟೋ ಸಲ ತನ್ನದೇ ಪಾಡು. ಸೊಸೆ ಹೀಗಿರಬೇಕು, ತಾಯಿ ಹೀಗಿರಬೇಕು, ಐದೂವರೆಗೆ ಏಳಬೇಕು, ಎಲ್ಲರದೂ ಆದ ಮೇಲೆ ಉಣ್ಣಬೇಕು. ಇದನ್ನು ಮಣ್ಣಿನಲ್ಲಿ ಮಾಡುವುದು ಹೇಗೆ, ಅದಕ್ಕೆ ಏನೇನು ಬೇಕು ಎನ್ನುವುದೇ ಇವತ್ತಿನ ಸುದ್ದಿ.

ಪಟ್ಟದ ಗೊಂಬೆಯ ಪಾಠ

ಹೆಂಗಸು ಹೇಗಿರಬೇಕು ಎಂದು ಗೊಂಬೆಯ ಮೂಲಕ ಹೇಳುವ ಪದ್ಧತಿ ನಮ್ಮಲ್ಲಿ ಹೊಸದೇನಲ್ಲ. ದಸರೆಯ ಗೊಂಬೆ ಹಬ್ಬವನ್ನೇ ನೋಡಿ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ರಾಜ-ರಾಣಿ ಜೋಡಿ. ಮಗಳ ಮದುವೆಯಲ್ಲಿ ತವರಿನವರು ಕೊಡುವ ಮರದ ಜೋಡಿ ಇದು. ಪ್ರತಿ ವರ್ಷ ಅವಕ್ಕೆ ಹೊಸ ಬಟ್ಟೆ ಉಡಿಸಿ ಕೂರಿಸುವುದು ಅವಳ ಕೆಲಸ. ಗೊಂಬೆ ಕೊಟ್ಟ ಹಾಗೂ ಆಯಿತು, ವರ್ಷವರ್ಷದ ಕೆಲಸ ಕೊಟ್ಟ ಹಾಗೂ ಆಯಿತು.

ಕೆಳಗಿನ ಸಾಲಿಗೆ ಬಂದರೆ ಅಂಗಡಿ ಇಟ್ಟ ಶೆಟ್ಟರ ಗೊಂಬೆ. ಡೊಳ್ಳು ಹೊಟ್ಟೆ, ಎದುರಿಗೆ ಅಕ್ಕಿ, ಬೇಳೆ, ಬೆಲ್ಲದ ರಾಶಿ. ಪಕ್ಕದಲ್ಲಿ ಶೆಟ್ಟಮ್ಮ. ವ್ಯಾಪಾರ ಯಾರದು, ಜೊತೆಗೆ ಕೂತವರು ಯಾರು ಎಂದು ಮಕ್ಕಳಿಗೆ ಬಾಯಲ್ಲಿ ಹೇಳಬೇಕಾಗಿಲ್ಲ. ಅದರ ಮುಂದೆ ಆಟದ ಒಲೆ, ಬೀಸುವ ಕಲ್ಲು, ಒನಕೆ. ಇವನ್ನು ಜೋಡಿಸಿಡಲು ಕರೆಯುವುದು ಹೆಣ್ಣುಮಕ್ಕಳನ್ನೇ. ಶೆಟ್ಟಮ್ಮ ನಿಜಜೀವನದಲ್ಲಿ ಗಲ್ಲಾ ಪೆಟ್ಟಿಗೆ ನೋಡಿಕೊಂಡಿರುವುದನ್ನು ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಯಾರು ಬೇಕಾದರೂ ಕಾಣಬಹುದು. ಗೊಂಬೆ ಮಾತ್ರ ಬದಲಾಗಿಲ್ಲ.

ಇನ್ನೂ ಹಿಂದಕ್ಕೆ ಹೋಗಿ. ಹರಪ್ಪ ಕಾಲದ, ಎಂದರೆ ಸುಮಾರು 4500 ವರ್ಷ ಹಳೆಯ ಸುಟ್ಟಮಣ್ಣಿನ ಗೊಂಬೆಗಳಲ್ಲಿ ಹಿಟ್ಟು ನಾದುತ್ತ ಕೂತ ಹೆಂಗಸು ಸಿಕ್ಕಿದ್ದಾಳೆ. ಕೆಲವು ಹೆಣ್ಣುಗೊಂಬೆಗಳಿಗೆ ತಲೆಯ ಎರಡು ಬದಿಗೆ ಬಟ್ಟಲಿನಂಥ ರಚನೆ ಇದೆ, ಅದರಲ್ಲಿ ಮಸಿಯ ಗುರುತಿದೆ. ಎಣ್ಣೆ ಹಾಕಿ ದೀಪ ಹಚ್ಚುತ್ತಿದ್ದಿರಬಹುದು ಎಂದು ಬಲ್ಲವರ ಊಹೆ. ಮಂಗಳವಾರ, ಶುಕ್ರವಾರ ರಾಹುಕಾಲದಲ್ಲಿ ಬನಶಂಕರಿ ದೇವಸ್ಥಾನದ ಮುಂದೆ ನಿಂಬೆಹಣ್ಣಿನ ಹೋಳನ್ನು ಬಟ್ಟಲು ಮಾಡಿ ದೀಪ ಹಚ್ಚುವ ಸಾಲನ್ನು ಕಂಡವರಿಗೆ ಇದೇನೂ ದೂರದ ಮಾತು ಅನ್ನಿಸುವುದಿಲ್ಲ. ಗಂಡನ ಕೆಲಸ, ಮಗನ ಪರೀಕ್ಷೆ, ಮಗಳ ಮದುವೆ ಎಂದು ಮನೆಮಂದಿಯ ಚಿಂತೆಯೆಲ್ಲ ಆ ಪುಟ್ಟ ಬಟ್ಟಲಲ್ಲಿ ಉರಿಯುತ್ತದೆ.

ಆ ಹಿಟ್ಟು ನಾದುವವಳು ಇಷ್ಟು ಸಾವಿರ ವರ್ಷ ಉಳಿದದ್ದು ಸುಟ್ಟಿದ್ದರಿಂದ. ಹಸಿ ಮಣ್ಣಿನ ಗೌರಿ ಯಡಿಯೂರು ಕೆರೆಯ ಕಲ್ಯಾಣಿಯಲ್ಲಿ ಮುಳುಗಿದರೆ ಮತ್ತೆ ಮಣ್ಣು. ಬೆಂಕಿ ಕಂಡ ಮಣ್ಣು ಹಾಗಲ್ಲ, ಅದು ನೀರಿಗೆ ಕರಗುವ ಗುಣವನ್ನೇ ಕಳೆದುಕೊಳ್ಳುತ್ತದೆ. ಒಡೆಯಬಹುದು, ಕರಗಿಸಲಾಗದು. ಹೇಳುವ ಮಾತು ಉಳಿಯಬೇಕು ಎನ್ನುವವರು ಸುಡಲೇಬೇಕು.

ಅಡುಗೆಮನೆ ಕಲಿಸಿದ ಕೈ

ಬನಶಂಕರಿ ಎರಡನೇ ಹಂತದ ಒಬ್ಬ ಗೃಹಿಣಿ ಇಂಥ ಗೊಂಬೆ ಮಾಡಲು ಕೂತಳು ಎಂದಿಟ್ಟುಕೊಳ್ಳಿ. ಒಂದೂಕಾಲು ಅಡಿ ಎತ್ತರದ ಹೆಂಗಸು, ಸೊಂಟದ ಮೇಲೆ ಕೂಸು, ತಲೆ ಇರಬೇಕಾದಲ್ಲಿ ಮನೆ. ತಲೆಯ ಜಾಗದಲ್ಲಿ ಮನೆಯೇ ಎಂದು ನಗಬೇಡಿ. ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಲೂಯಿಸ್ ಬೂರ್ಜ್ವಾ ಎಂಬಾಕೆ ಮೂರು ಮಕ್ಕಳ ತಾಯಿಯಾಗಿ ಸಂಸಾರ ಮಾಡುತ್ತಲೇ 1940ರ ದಶಕದಲ್ಲಿ ಇದೇ ಚಿತ್ರವನ್ನು ಮತ್ತೆ ಮತ್ತೆ ಬರೆದಳು. ಕೆಳಗೆ ಹೆಂಗಸಿನ ಮೈ, ಮೇಲೆ ಮನೆ.

ನಮ್ಮ ಗೃಹಿಣಿಗೆ ಮಣ್ಣಿನ ಪಾಠದಲ್ಲಿ ಅರ್ಧ ಮೊದಲೇ ಬರುತ್ತದೆ. ಮಣ್ಣು ನಾದುವುದು ಹೋಳಿಗೆಯ ಕಣಕ ನಾದಿದ ಹಾಗೆ. ಒಳಗೆ ಗಂಟು, ಗಾಳಿ ಉಳಿಯಬಾರದು. ಆಮೇಲೆ ಕೋಡುಬಳೆ ಹೊಸೆದ ಹಾಗೆ ಮಣ್ಣಿನ ಹುರಿ ಹೊಸೆದು ಸುತ್ತುಸುತ್ತಾಗಿ ಮೇಲಕ್ಕೆ ಏರಿಸಬೇಕು. ಒಂದಕ್ಕೊಂದು ಕೂಡಿಸುವಲ್ಲಿ ಎರಡೂ ಕಡೆ ಗೀರು ಹಾಕಿ, ದೋಸೆ ಹಿಟ್ಟಿನ ಹದಕ್ಕೆ ಕಲಸಿದ ಮಣ್ಣನ್ನು ಬಳಿದು ಒತ್ತಬೇಕು. ಒಳಗೆ ಟೊಳ್ಳಿರಬೇಕು, ಕಡುಬಿನ ಹಾಗೆ. ಗೋಡೆ ಎಲ್ಲ ಕಡೆ ಒಂದೇ ದಪ್ಪ, ಬೆರಳಿನಷ್ಟು ಸಾಕು. ಎಲ್ಲೋ ಒಂದು ಕಡೆ ಕಾಣದ ಹಾಗೆ ಸಣ್ಣ ತೂತು ಬಿಡಲೇಬೇಕು.

ಗಟ್ಟಿ ಗೊಂಬೆಯನ್ನೇ ಮಾಡಿ ಒಲೆಗೆ ಹಾಕಿದರೆ ಆಗದೇ ಎಂದು ಕೇಳಬಹುದು. ಆಗದು ಸ್ವಾಮಿ. ದಪ್ಪ ಮಣ್ಣಿನ ನಡುವೆ ತೇವ ಉಳಿದಿರುತ್ತದೆ. ಕಾವು ನೂರು ಡಿಗ್ರಿ ದಾಟಿತೆಂದರೆ ಅದು ಆವಿಯಾಗಿ ಹೊರಗೆ ಬರಲು ದಾರಿ ಸಿಗದೆ ಗೊಂಬೆಯನ್ನು ಒಳಗಿನಿಂದ ಸಿಡಿಸುತ್ತದೆ. ಹೊರಗೆ ನೋಡಿದರೆ ಒಣಗಿ ಸೊಗಸಾಗಿರುತ್ತದೆ, ಒಳಗಿನ ತೇವ ಯಾರಿಗೂ ಕಾಣುವುದಿಲ್ಲ.

ಈಗ ಕೈಗಳ ವಿಷಯ. ಮಾರ್ಚ್ ತಿಂಗಳು ಮಹಿಳಾ ದಿನಾಚರಣೆ ಬಂತೆಂದರೆ ಪೋಸ್ಟರುಗಳಲ್ಲಿ ಒಬ್ಬ ಹೆಂಗಸು ಕಾಣಿಸಿಕೊಳ್ಳುತ್ತಾಳೆ. ದುರ್ಗೆಯಂತೆ ಎಂಟೋ ಹತ್ತೋ ಕೈ. ಒಂದರಲ್ಲಿ ಸೌಟು, ಒಂದರಲ್ಲಿ ಫೋನು, ಪೊರಕೆ, ಮಗುವಿನ ಹಾಲಿನ ಬಾಟಲಿ, ಆಫೀಸಿನ ಫೈಲು. ಮುಖದಲ್ಲಿ ನಗು ಬೇರೆ! ಇದು ಹೊಗಳಿಕೆಯೋ ಕೆಲಸದ ಪಟ್ಟಿಯೋ ಎಂದು ಯಾರಾದರೂ ಹೇಳಬೇಕು. ದುರ್ಗೆಯ ಕೈಗಳಿಗೆ ದೇವತೆಗಳು ಆಯುಧ ಕೊಟ್ಟರು, ಇವಳ ಕೈಗಳಿಗೆ ಸಿಕ್ಕಿದ್ದು ಪಾತ್ರೆ.

ಕಾಗದದ ಮೇಲೆ ಹತ್ತು ಕೈ ಬರೆಯಲು ಹತ್ತು ನಿಮಿಷ ಬೇಡ. ಮಣ್ಣಿನಲ್ಲಿ ಮಾಡಿ ನೋಡಿದರೆ ಗೊತ್ತಾಗುತ್ತದೆ. ಹೊರಗೆ ಚಾಚಿದ ಕೈಗೆ ಕೆಳಗೆ ಆಸರೆ ಇರುವುದಿಲ್ಲ. ಹಸಿಯಿದ್ದಾಗ ತನ್ನ ಭಾರಕ್ಕೇ ಜೋತುಬೀಳುತ್ತದೆ. ತೆಳ್ಳಗಿರುವುದರಿಂದ ಮೈಗಿಂತ ಬೇಗ ಒಣಗುತ್ತದೆ. ಒಣಗುವಾಗ, ಸುಡುವಾಗ ಮಣ್ಣು ನೂರಕ್ಕೆ ಹತ್ತರ ಆಸುಪಾಸು ಕುಗ್ಗುತ್ತದೆ. ಕೈ ಒಂದು ವೇಗದಲ್ಲಿ, ಮೈ ಇನ್ನೊಂದು ವೇಗದಲ್ಲಿ ಕುಗ್ಗಿದರೆ ಬಿರುಕು ಬೀಳುವುದು ಭುಜದ ಸಂದಿಯಲ್ಲಿ. ಎರಡು ಕೈಗೇ ಕೆಳಗೆ ಮಣ್ಣಿನ ಕಂಬ ಕೊಟ್ಟು ನಿಲ್ಲಿಸಬೇಕು, ಇಲ್ಲಾಂದ್ರೆ ಮೈಗೆ ಅಂಟಿಸಬೇಕು. ಹತ್ತು ಕೈ ಬೇಕೇ ಬೇಕು ಎಂದರೆ ಕೈಗಳನ್ನು ಬೇರೆಯಾಗಿ ಸುಟ್ಟು ಆಮೇಲೆ ಸಿಕ್ಕಿಸಬೇಕು. ಗೃಹಿಣಿಗೆ ಹತ್ತು ಕೈ ಇದೆ ಎಂದು ಭಾಷಣ ಮಾಡುವವರು ಒಮ್ಮೆ ಮಣ್ಣಿನ ಕೆಲಸ ಕಲಿಯುವುದು ಒಳ್ಳೆಯದು.

ತಿಗರಿ ಮುಟ್ಟಬಾರದ ಹೆಂಗಸರು

ಕುಂಬಾರರ ಮನೆಯಲ್ಲಿ ಹೆಂಗಸಿಗೆ ಮಣ್ಣು ಹೊಸದೇ ಎಂದರೆ, ಇಲ್ಲ. ಮಣ್ಣು ಹೊರುವುದು, ಕಲ್ಲು ಆರಿಸುವುದು, ತುಳಿದು ಹದ ಮಾಡುವುದು, ಮಡಕೆಗೆ ಬಣ್ಣ ಹಚ್ಚುವುದು, ಸಂತೆಗೆ ಹೊತ್ತು ಮಾರುವುದು ಎಲ್ಲದರಲ್ಲೂ ಅವಳಿದ್ದಾಳೆ. ತಿಗರಿಯನ್ನು ಮಾತ್ರ ಹೆಂಗಸು ತಿರುಗಿಸಬಾರದು ಎನ್ನುವ ಕಟ್ಟಳೆ ದೇಶದ ಬಹಳ ಕಡೆ ಇತ್ತು. ಹೀಗಾಗಿ ಮಡಕೆ ಯಾರದು ಎಂದರೆ ಕುಂಬಾರನದು.

ಹನ್ನೆರಡನೇ ಶತಮಾನದ ಕುಂಬಾರ ಗುಂಡಯ್ಯನ ಕಥೆ ಹರಿಹರನ ರಗಳೆಯಿಂದಾಗಿ ಮನೆಮಾತು. ಅವನು ಮಡಕೆ ಬಾರಿಸಿದರೆ ಶಿವನೇ ಕುಣಿದನಂತೆ. ಅವನ ಹೆಂಡತಿ ಕೇತಲದೇವಿಯೂ ವಚನ ಬರೆದವಳು. ಸಿಕ್ಕಿರುವುದು ಒಂದೇ ವಚನ. ಅದು ಮಣ್ಣಿನ ಹದದ ಬಗ್ಗೆ, ಹದವಿಲ್ಲದ ಮಣ್ಣು ಮಡಕೆಗೆ ಒದಗದು ಎನ್ನುವ ಅನುಭವದ ಮಾತಿನಿಂದ ಶುರುವಾಗುತ್ತದೆ. ಹದ ಮಾಡಿ ಮಾಡಿ ಬಲ್ಲವಳೇ ಹೇಳಬಹುದಾದ ಮಾತು. ಆದರೆ ಪುಸ್ತಕದಲ್ಲಿ ಅವಳ ಹೆಸರು ಹೇಗೆ ಅಚ್ಚಾಗುತ್ತದೆ ಗೊತ್ತೇ? 'ಗುಂಡಯ್ಯಗಳ ಪುಣ್ಯಸ್ತ್ರೀ ಕೇತಲದೇವಿ'. ಗ್ಯಾಸ್ ಕಂಪನಿಯ ರಸೀತಿಯಲ್ಲಿ ಯಜಮಾನರ ಹೆಸರು ಬಂದ ಹಾಗೆ.

ಬೆಂಗಳೂರಿಗೆ ಪಿಂಗಾಣಿಯೂ ಹೊಸದಲ್ಲ. ಮಹಾರಾಜರ ಕಾಲದಲ್ಲಿ, 1932ರಲ್ಲಿ ಮಲ್ಲೇಶ್ವರದ ಕಡೆ ಸರ್ಕಾರಿ ಪೋರ್ಸಲಿನ್ ಕಾರ್ಖಾನೆ ಶುರುವಾಯಿತು. 1976ರಲ್ಲಿ ಅದು ಬಿ.ಎಚ್.ಇ.ಎಲ್. ಕೈಗೆ ಬಂತು. ಅಲ್ಲಿ ಬೇಯುತ್ತಿದ್ದದ್ದು ಗೊಂಬೆಯಲ್ಲ, ಕರೆಂಟು ಕಂಬದ ಇನ್ಸುಲೇಟರು. ಇರಲಿ, ಅದು ಬೇರೆ ಕಥೆ.

ಹೆಂಗಸು ಉಳಿ ಸುತ್ತಿಗೆ ಹಿಡಿದ ಕಥೆ ಬೇಕೆಂದರೆ ಕನಕಾ ಮೂರ್ತಿಯವರದು ಕೇಳಬೇಕು. 1942ರಲ್ಲಿ ತಿರುಮಕೂಡಲು ನರಸೀಪುರದ ಸಂಪ್ರದಾಯಸ್ಥ ಮನೆಯಲ್ಲಿ ಹುಟ್ಟಿದವರು. ಬೆಂಗಳೂರಿಗೆ ಬಂದು ದೇವಲಕುಂದ ವಾದಿರಾಜರ ಬಳಿ ಕಲ್ಲು ಕೆತ್ತುವುದನ್ನು ಕಲಿತರು. ಕಲ್ಲು ಗಂಡಸರ ಕೆಲಸ ಎಂದು ಊರೆಲ್ಲ ತಿಳಿದಿದ್ದ ಕಾಲ ಅದು. ಮುಂದೆ ರಾಜ್ಯದ ಜಕಣಾಚಾರಿ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರೇ ಆದರು. ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನ ರೈಟ್ ಸಹೋದರರು, ಲಾಲ್‌ಬಾಗ್ ಪಶ್ಚಿಮ ಗೇಟಿನ ಕುವೆಂಪು ಅವರ ಕೈಯವು. ಆ ಗೇಟಿನ ಮುಂದೆ ದಿನಾ ಬಸ್ಸು ಹಿಡಿಯುವ ಎಷ್ಟೋ ಮಂದಿಗೆ ಅದು ಹೆಂಗಸು ಮಾಡಿದ್ದು ಎಂದು ತಿಳಿದಿರಲಾರದು. 2021ರ ಮೇ ತಿಂಗಳಲ್ಲಿ ಕೋವಿಡ್ ಅವರನ್ನು ಒಯ್ದಿತು.

ಮಣ್ಣಿಗೆ ಹತ್ತಿರದವರು ಎನ್. ಪುಷ್ಪಮಾಲಾ. 1956ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿ ಬರೋಡದಲ್ಲಿ ಶಿಲ್ಪ ಕಲಿತರು. 1980ರ ದಶಕದಲ್ಲಿ ಅವರು ಹೆಸರು ಮಾಡಿದ್ದು ಸುಟ್ಟಮಣ್ಣಿನ ಆಕೃತಿಗಳಿಂದ, ಅದರಲ್ಲೂ ಹದಿಹರೆಯದ ಹುಡುಗಿಯರ ಗೊಂಬೆಗಳಿಂದ. ಆಮೇಲೆ ಮಣ್ಣು ಬಿಟ್ಟು ತಾವೇ ಗೊಂಬೆಯಾದರು ಎನ್ನಬಹುದು. 2000ದಿಂದ 2004ರವರೆಗೆ ಕ್ಲೇರ್ ಆರ್ನಿ ಎಂಬ ಛಾಯಾಗ್ರಾಹಕಿಯ ಜೊತೆ ಸೇರಿ ದಕ್ಷಿಣ ಭಾರತದ ಹೆಂಗಸರ ಪ್ರಸಿದ್ಧ ಚಿತ್ರಗಳಿಗೆಲ್ಲ ತಾವೇ ವೇಷ ಕಟ್ಟಿ ಫೋಟೋ ತೆಗೆಸಿಕೊಂಡರು. ಅದರಲ್ಲಿ ರವಿವರ್ಮನ ಲಕ್ಷ್ಮಿಯೂ ಒಬ್ಬಳು. ಅಂಗಡಿಯವರ ಗಲ್ಲಾ ಪೆಟ್ಟಿಗೆಯ ಮೇಲೆ ಕ್ಯಾಲೆಂಡರಿನಲ್ಲಿ ತಾವರೆಯ ಮೇಲೆ ನಿಂತಿರುತ್ತಾಳಲ್ಲ, ಅವಳೇ. ನಿಜವಾದ ಹೆಂಗಸೊಬ್ಬಳು ಹಾಗೆ ನಿಂತಾಗ ಎಷ್ಟು ಕಷ್ಟದ ಭಂಗಿ ಅದು ಎಂದು ನೋಡುವವರಿಗೆ ಅನ್ನಿಸದೆ ಇರದು.

ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಗೌಡ ಇನ್ನೊಂದು ದಾರಿ ಹಿಡಿದರು. 1990ರ ದಶಕದಲ್ಲಿ ಬಣ್ಣ ಬಿಟ್ಟು ಸಗಣಿ ಕೈಗೆತ್ತಿಕೊಂಡರು. 1998ರಲ್ಲಿ ಸೂಜಿ, ದಾರ, ಕುಂಕುಮ. ಸೂಜಿಗಳಿಗೆ ಉದ್ದುದ್ದ ದಾರ ಪೋಣಿಸಿ, ಕುಂಕುಮ ಮೆತ್ತಿ, ಹಗ್ಗದಂತೆ ಕೂಡಿಸಿ ಗೋಡೆ ನೆಲದ ಮೇಲೆಲ್ಲ ಹರಿಯಬಿಟ್ಟರು. ಅಂಗಳ ಸಾರಿಸುವ, ಹರಿದದ್ದು ಹೊಲಿಯುವ, ಹಣೆಗಿಡುವ ಸಾಮಾನುಗಳೇ. ಅಡುಗೆಮನೆ ಪಕ್ಕದ ಈ ಸಾಮಾನಿಗೆ ದೇಶವಿದೇಶದ ಗ್ಯಾಲರಿಗಳಲ್ಲಿ ಜಾಗ ಸಿಕ್ಕಿತು.

ಪಿಂಗಾಣಿಯಲ್ಲೇ ದೊಡ್ಡ ಗದ್ದಲ ಎಬ್ಬಿಸಿದ್ದು ಅಮೆರಿಕದ ಜೂಡಿ ಶಿಕಾಗೊ. 1974ರಿಂದ 1979ರವರೆಗೆ ಬಹಳ ಜನರ ನೆರವಿನಿಂದ 'ಔತಣಕೂಟ' ಎಂಬ ಕೃತಿ ಮಾಡಿದರು. ಮುಕ್ಕೋನದ ಊಟದ ಮೇಜು, 39 ಎಡೆ. ಒಂದೊಂದು ಎಡೆಯೂ ಚರಿತ್ರೆಯ ಒಬ್ಬ ಹೆಂಗಸಿಗೆ, ಅವಳದೇ ಪಿಂಗಾಣಿ ತಟ್ಟೆ. ನೆಲದ ಬಿಲ್ಲೆಗಳ ಮೇಲೆ ಇನ್ನೂ 999 ಹೆಸರು. ಬಡಿಸಿ ಬಡಿಸಿ ನಿಂತೇ ಇದ್ದವರಿಗೆ ಎಲೆ ಹಾಕಿ ಕೂರಿಸಿದ ಹಾಗೆ. ಈಗ ಅದು ನ್ಯೂಯಾರ್ಕಿನ ಬ್ರೂಕ್ಲಿನ್ ಮ್ಯೂಸಿಯಮ್ಮಿನಲ್ಲಿ ಖಾಯಂ ಇದೆ.

299 ನಿಮಿಷ, 97 ನಿಮಿಷ

ಇವರೆಲ್ಲ ಕಲೆಯನ್ನೇ ಬದುಕು ಮಾಡಿಕೊಂಡವರು. ನಮ್ಮ ಬನಶಂಕರಿಯ ಗೃಹಿಣಿಗೆ ಮಣ್ಣು ಸಿಗಬಹುದು, ಕೈಯಲ್ಲಿ ಹದವೂ ಇದೆ. ಸಿಗದೆ ಇರುವುದು ಹೊತ್ತು.

ಕೇಂದ್ರ ಸರ್ಕಾರ 2019ರಲ್ಲಿ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು ದೇಶದಾದ್ಯಂತ ಸಮೀಕ್ಷೆ ಮಾಡಿಸಿತು. ಆರು ವರ್ಷ ಮೇಲಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 81 ಮಂದಿ ಸಂಬಳವಿಲ್ಲದ ಮನೆಕೆಲಸ ಮಾಡುತ್ತಾರೆ, ಗಂಡಸರಲ್ಲಿ 26 ಮಂದಿ. ಮಾಡುವ ಹೆಂಗಸಿಗೆ ದಿನಕ್ಕೆ 299 ನಿಮಿಷ, ಮಾಡುವ ಗಂಡಸಿಗೆ 97 ನಿಮಿಷ. 2024ರಲ್ಲಿ ಮತ್ತೆ ಎಣಿಸಿದಾಗ 289 ಮತ್ತು 88. ಹೆಂಗಸರಿಗೆ ಹತ್ತು ನಿಮಿಷ ಉಳಿಯಿತು ಎಂದು ಸಂತೋಷಪಡುವಷ್ಟರಲ್ಲಿ ಗಂಡಸರು ಒಂಬತ್ತು ನಿಮಿಷ ಕಡಿಮೆ ಮಾಡಿಕೊಂಡಿದ್ದಾರೆ!

ಐದು ಗಂಟೆಯ ಕೆಲಸ ಒಟ್ಟಿಗೆ ಬಂದು ಒಟ್ಟಿಗೆ ಮುಗಿಯುವುದಾದರೂ ಪರವಾಗಿಲ್ಲ. ಅದು ಚೂರುಚೂರಾಗಿ ಬರುತ್ತದೆ. ನೀರು ಬಂತು, ಹಾಲು ಉಕ್ಕಿತು, ಕೊರಿಯರಿನವನು ಬಂದ, ಅತ್ತೆಯ ಮಾತ್ರೆ, ಮಗುವಿನ ಸ್ಕೂಲ್ ವ್ಯಾನು. ಮಣ್ಣಿಗೆ ಈ ಲೆಕ್ಕ ತಿಳಿಯದು. ಅದಕ್ಕೆ ಅದರದೇ ಗಳಿಗೆ. ಒತ್ತಿದರೆ ಬೆರಳಚ್ಚು ಬೀಳಬಾರದು, ಉಗುರಲ್ಲಿ ಕೆರೆದರೆ ಗೆರೆ ಬೀಳಬೇಕು. ಆ ಹದದಲ್ಲೇ ಕೈ ಕೂಡಿಸಬೇಕು, ಮುಖ ತಿದ್ದಬೇಕು. ಬೇಸಿಗೆಯಲ್ಲಿ ಫ್ಯಾನಿನ ಕೆಳಗೆ ಮರೆತು ಸಾಂಬಾರಿಗೆ ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಹದ ತಪ್ಪಿರುತ್ತದೆ. ಅದಕ್ಕೇ ಒದ್ದೆ ಬಟ್ಟೆ, ಪ್ಲಾಸ್ಟಿಕ್ ಚೀಲ ಹೊದೆಸಿ ಇಡುವುದು. ದಿನಕ್ಕೆ ಅರ್ಧ ಗಂಟೆಯಂತೆ ಮಾಡುವವರ ಗೊಂಬೆ ತಿಂಗಳುಗಟ್ಟಲೆ ಪ್ಲಾಸ್ಟಿಕ್ಕಿನಲ್ಲೇ ಉಸಿರಾಡುತ್ತಿರುತ್ತದೆ. ಅಷ್ಟು ದಿನ ಅದನ್ನು ಇಡುವುದೆಲ್ಲಿ ಎಂದರೆ ಅದಕ್ಕೂ ಮನೆಯಲ್ಲಿ ಜಗಳ.

ಸುಡುವ ದಿನದ ಲೆಕ್ಕ ಇನ್ನೂ ಕಟ್ಟುನಿಟ್ಟು. ಕೆಂಪು ಮಣ್ಣಿಗೆ 900ರಿಂದ 1000 ಡಿಗ್ರಿ ಸಾಕು. ಕಲ್ಲಿನಂತೆ ಗಟ್ಟಿಯಾಗುವ ಮಣ್ಣಿಗೆ 1200 ದಾಟಬೇಕು. ಗಾಜಿನಂಥ ಹೊಳಪು ಬೇಕೆಂದರೆ ಒಮ್ಮೆ ಸುಟ್ಟು, ಗ್ಲೇಜು ಹಚ್ಚಿ ಇನ್ನೊಮ್ಮೆ ಸುಡಬೇಕು. ತಾಮ್ರದ ಪುಡಿ ಹಸಿರು ಕೊಡುತ್ತದೆ, ಕಬ್ಬಿಣ ಕಂದು, ಕೋಬಾಲ್ಟು ನೀಲಿ. ಮೊದಲ ಕೆಲವು ಗಂಟೆ ಕಾವು ಮೆಲ್ಲಗೆ ಏರಬೇಕು. ಇಳಿಯುವಾಗಲೂ ಅವಸರ ಸಲ್ಲದು. 573 ಡಿಗ್ರಿಯ ಹತ್ತಿರ ಮಣ್ಣಿನೊಳಗಿನ ಬೆಣಚು ಹಠಾತ್ತನೆ ಅಳತೆ ಬದಲಿಸುತ್ತದೆ. ಹೇಗಿದೆಯೋ ನೋಡೋಣ ಎಂದು ಬೇಗ ಬಾಗಿಲು ತೆರೆದರೆ ಟಿಣ್ ಎಂದು ಸೀಳಿತೆಂದೇ ಲೆಕ್ಕ. ಸುಡಲು ಒಂದು ದಿನ, ಆರಲು ಇನ್ನೊಂದು ದಿನ.

ಹತ್ತಿರದ ಸ್ಟುಡಿಯೋದಲ್ಲಿ ಫೀಸು ಕಟ್ಟಿ ಸುಡಿಸಬಹುದು. ಅದು ಕೈಗೆಟುಕದಿದ್ದರೆ ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನಿಗೆ ಹೋಗಿ ಕುಂಬಾರರನ್ನು ಕೇಳಿ ನೋಡಬೇಕು. ಒಪ್ಪಿದರೆ ಅದೃಷ್ಟ. ಬನಶಂಕರಿಯಿಂದ ಅಲ್ಲಿಗೆ ಊರನ್ನು ಅಡ್ಡ ದಾಟಬೇಕು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ, ಅಷ್ಟು ಅನುಕೂಲ. ಕಷ್ಟ ಏನೆಂದರೆ, ಪೂರ್ತಿ ಒಣಗಿ ಇನ್ನೂ ಬೆಂಕಿ ಕಾಣದ ಮಣ್ಣಿನಷ್ಟು ಮೆದು ಜೀವ ಇನ್ನೊಂದಿಲ್ಲ. ಬಿಸ್ಕತ್ತಿನ ಹಾಗೆ ಲಟಕ್ಕನೆ ಮುರಿಯುತ್ತದೆ. ಹಳೆ ಸೀರೆಯಲ್ಲಿ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡು, ಪ್ರತಿ ಹಂಪಿಗೂ ಎರಡು ಕೈಯಲ್ಲಿ ಎತ್ತಿ ಹಿಡಿಯಬೇಕು. ಶಿವಾಜಿನಗರದ ಬಸ್ಸಿನಲ್ಲಿ ಯಾರಾದರೂ ಹಾಗೆ ಕೂತಿದ್ದರೆ ಮಗು ಎಂದುಕೊಂಡು ಜಾಗ ಬಿಡುವವರಿರುತ್ತಾರೆ. ಗೊಂಬೆ ಎಂದು ತಿಳಿದರೂ ಬಿಟ್ಟರೆ ದೊಡ್ಡ ಉಪಕಾರ.

ಆವಿಗೆ ಬಿಚ್ಚಿದಾಗ ಹೆಚ್ಚಾಗಿ ಮುರಿದಿರುವುದು ಕೈಯೇ. ಎಂ-ಸೀಲ್ ಹಾಕಿ ಅಂಟಿಸಿ, ಬಣ್ಣ ಬಳಿದು ಗೊತ್ತಾಗದಂತೆ ಮಾಡುವವರಿದ್ದಾರೆ. ಮುರಿದ ಕೈಯನ್ನು ಗೊಂಬೆಯ ಕಾಲ ಬಳಿ ಹಾಗೇ ಇಟ್ಟು ಟೀವಿ ಪಕ್ಕದ ಶೋಕೇಸಿನಲ್ಲಿ ಕೂರಿಸುವವರೂ ಇದ್ದಾರೆ.